ಎದೆನೋವು ಅಂತ ಬಂದವರಿಗೆ ಆಕ್ಸಿಜನ್ ಯಾಕೆ ಹಾಕಲಿಲ್ಲ?

ದಾವಣಗೆರೆಯಲ್ಲಿ ಎಮರ್ಜೆನ್ಸಿ ವಾರ್ಡಿನ ಡಾಕ್ಟರಾಗಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: “ಅಪ್ಪಾಜಿಗೆ ಎದೆನೋವು ಅಂತ ಕರ್ಕೊಂಡು ಬಂದೀವಿ, ಇನ್ನೂ ಆಕ್ಸಿಜನ್ ಯಾಕ್ ಹಾಕಿಲ್ರೀ ಡಾಕ್ಟ್ರೇ?”

ಕೇಳುವವರ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. 2021ರ ಕೋವಿಡ್ ಅಲೆಯಲ್ಲಿ ಒಂದು ಸಿಲಿಂಡರ್‌ಗಾಗಿ ಜನ ಹೇಗೆ ಅಲೆದಾಡಿದರು ಅಂತ ಎಲ್ಲರಿಗೂ ಗೊತ್ತು. ಆಗ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ಕೇಳಿದವರಿಗೆ ಆಕ್ಸಿಜನ್ ಅಂದರೆ ಜೀವ. ಮುಖಕ್ಕೆ ಮಾಸ್ಕ್ ಇಲ್ಲದಿದ್ದರೆ ಇಲ್ಲಿ ಯಾರೂ ಗಮನ ಕೊಡುತ್ತಿಲ್ಲ ಅನ್ನಿಸೋದು ಸಹಜ ಅಲ್ವಾ?

ನನ್ನ ಉತ್ತರ ಇಷ್ಟೇ. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ 96, 97 ತೋರಿಸುತ್ತಿದ್ದರೆ ರಕ್ತದಲ್ಲಿ ಆಕ್ಸಿಜನ್ ಸಾಕಷ್ಟಿದೆ. ಅದರ ಮೇಲೆ ಹಾಕೋದು ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ. ಹಾರ್ಟ್ ಅಟ್ಯಾಕ್‌ನಲ್ಲಿ ತೊಂದರೆ ಇರೋದು ರಕ್ತನಾಳ ಕಟ್ಟಿಕೊಂಡಿರುವ ಜಾಗದಲ್ಲಿ. ಮಾಸ್ಕ್ ಅದನ್ನು ಬಿಡಿಸುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಎಲ್ಲರಿಗೂ ಯಾಕೆ ಹಾಕುತ್ತಿದ್ದರು? 1900ರಲ್ಲೇ ಒಬ್ಬ ವೈದ್ಯರು ಎದೆನೋವಿಗೆ ಆಕ್ಸಿಜನ್‌ನಿಂದ ಆರಾಮವಾಯಿತು ಅಂತ ಬರೆದಿದ್ದರು. ಅಲ್ಲಿಂದ ರೂಢಿ ಬೆಳೆಯಿತು. 1976ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ನೋಡಿದರು. ಆಕ್ಸಿಜನ್ ಪಡೆದ 80 ಜನರಲ್ಲಿ 9 ಮಂದಿ ತೀರಿಕೊಂಡರು, ಬರೀ ಗಾಳಿ ಉಸಿರಾಡಿದ 77 ಜನರಲ್ಲಿ 3 ಮಂದಿ. ಅಧ್ಯಯನ ಚಿಕ್ಕದು, ಆಕಸ್ಮಿಕವೂ ಇರಬಹುದು. ಆದರೆ ದೊಡ್ಡದಾಗಿ ಪರೀಕ್ಷಿಸಲು ಮತ್ತೆ ಸುಮಾರು 40 ವರ್ಷ ಬೇಕಾಯಿತು. ಅದು ನನಗೆ ಇವತ್ತಿಗೂ ಸಂಕಟ ತರುತ್ತದೆ.

2015ರಲ್ಲಿ ಮೆಲ್ಬರ್ನ್‌ನ ಅಧ್ಯಯನ ಹೊರಬಂತು. ದೊಡ್ಡ ಹಾರ್ಟ್ ಅಟ್ಯಾಕ್ ಆದ, ಆದರೆ ಆಕ್ಸಿಜನ್ ಕಡಿಮೆ ಇಲ್ಲದ 441 ಜನರನ್ನು ನೋಡಿದರು. ಆಂಬುಲೆನ್ಸಿನಿಂದಲೇ ಆಕ್ಸಿಜನ್ ಕೊಟ್ಟವರಲ್ಲಿ, ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ, ಹೃದಯದ ಸ್ನಾಯು ಹಾಳಾದ ಭಾಗ ಇನ್ನೂ ದೊಡ್ಡದಾಗಿತ್ತು. ರಕ್ತದಲ್ಲಿ ಆಕ್ಸಿಜನ್ ಅತಿಯಾದರೆ ಹೃದಯದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅದೂ ಒಂದು ಕಾರಣ ಇರಬಹುದು. 2017ರಲ್ಲಿ ಸ್ವೀಡನ್ನಿನಿಂದ 6,629 ಜನರ ಅಧ್ಯಯನ ಬಂತು. ಒಂದು ವರ್ಷದಲ್ಲಿ ತೀರಿಕೊಂಡವರು ಆಕ್ಸಿಜನ್ ಗುಂಪಿನಲ್ಲಿ ಶೇಕಡಾ 5.0, ಇನ್ನೊಂದರಲ್ಲಿ 5.1. ಅಂದರೆ ಹಾಕಿದ್ದಕ್ಕೆ ಲಾಭವೇ ಇಲ್ಲ. ಆ ವರ್ಷವೇ ಯುರೋಪಿನ ಹೃದ್ರೋಗ ತಜ್ಞರು ನಿಯಮ ಬದಲಿಸಿ, ರಕ್ತದ ಆಕ್ಸಿಜನ್ ಶೇಕಡಾ 90ಕ್ಕಿಂತ ಕೆಳಗಿಳಿದರೆ ಮಾತ್ರ ಕೊಡಿ ಅಂದರು.

ಉಸಿರಾಟದ ಕಾಯಿಲೆಯವರ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ವರ್ಷಾನುಗಟ್ಟಲೆ ಹೊಗೆ ಕುಡಿದವರು, ಜೊತೆಗೆ ಬೀಡಿ ಸೇದಿದವರು ಬರುತ್ತಾರೆ. ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತು, ಊದುವ ಹಾಗೆ ತುಟಿ ಮಾಡಿ ಉಸಿರು ಬಿಡುತ್ತಿರುತ್ತಾರೆ. ಕ್ಲಿಪ್ಪಿನಲ್ಲಿ 82 ಇರುತ್ತದೆ. ಇವರಿಗೆ ಆಕ್ಸಿಜನ್ ಬೇಕೇ ಬೇಕು, ಆದರೆ ಅಳೆದು. ಸಿಸ್ಟರ್ ಗೋಡೆಯ ಆಕ್ಸಿಜನ್ ನಾಬನ್ನು ಒಂದೊಂದೇ ಲೀಟರ್ ತಿರುಗಿಸಿ, 88ರಿಂದ 92ರ ನಡುವೆ ನಿಲ್ಲಿಸುತ್ತಾರೆ. “ಇನ್ನೂ ಜಾಸ್ತಿ ಬಿಡಿ ಸಿಸ್ಟರ್” ಅಂತ ಮನೆಯವರು ಹೇಳ್ತಾರೆ. ಪೂರ್ತಿ ಬಿಟ್ಟರೆ ಇಂಥವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಅಳೆದು ಕೊಟ್ಟಾಗ ಸಾವು ಅರ್ಧಕ್ಕಿಂತ ಕಡಿಮೆಯಾಗಿತ್ತು.

ಹಾಗಂತ ಕ್ಲಿಪ್ಪನ್ನೇ ಕಣ್ಣುಮುಚ್ಚಿ ನಂಬುವುದಿಲ್ಲ. ಉಗುರಿಗೆ ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಅದು ತಪ್ಪು ತೋರಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಅಮೆರಿಕದ ಅಧ್ಯಯನ ಹೇಳಿತು. ನಮ್ಮ ಕಡೆಯ ಜನರಿಗೆ ಇದು ಮುಖ್ಯ. ಅದಕ್ಕೇ ಎದೆ ಏರಿಳಿಯೋದನ್ನು, ತುಟಿಯ ಬಣ್ಣವನ್ನು ನೋಡುತ್ತಲೇ ಇರುತ್ತೇವೆ. ಉಸಿರು ಕಷ್ಟವಾದರೆ ಮಾಸ್ಕ್ ಆ ಕ್ಷಣವೇ ಬರುತ್ತದೆ.

ಮಾಸ್ಕ್ ಇಲ್ಲದ ಆ ಹೊತ್ತಿನಲ್ಲಿ ನಾವು ಸುಮ್ನೆ ನಿಂತಿರುವುದಿಲ್ಲ. ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ಅಟ್ಯಾಕ್ ಅನ್ನಿಸಿದರೆ ಆಸ್ಪಿರಿನ್ ಅಗಿಯಲು ಕೊಡುತ್ತೇವೆ. ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ನೋ, ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಬಿಡಿಸುವ ಆಂಜಿಯೋಪ್ಲಾಸ್ಟಿಯೋ ಅಂತ ತೀರ್ಮಾನ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಈ ಇಂಜೆಕ್ಷನ್ ಉಚಿತವಾಗಿ ಕೊಡಲೆಂದೇ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಮಂಡಕ್ಕಿ-ಮಿರ್ಚಿ ತಿಂದಿದ್ದಕ್ಕೆ ಗ್ಯಾಸ್ಟ್ರಿಕ್ ಅಂತ ಮನೆಯಲ್ಲೇ ಸೋಡಾ ಕುಡಿದು ಕಾಯುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಅಪ್ಪಾಜಿಯನ್ನು ಕರೆದುಕೊಂಡು ಬಂದಾಗ “ಇಸಿಜಿ ಆಯ್ತಾ? ಏನು ಬಂತು?” ಅಂತ ಧೈರ್ಯವಾಗಿ ಕೇಳಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಅನ್ನೋದನ್ನು ನೀವಾಗಿಯೇ ಹೇಳಿ. ಆ ಇಂಜೆಕ್ಷನ್ ಕೊಡಬಹುದೇ ಅಂತ ನೋಡುವಾಗ ನಾವು ಲೆಕ್ಕ ಹಾಕುವುದು ಆ ಗಂಟೆಯಿಂದಲೇ.