ಯಾರ ಹಾಡಿಗೆ ಯಾರ ಬಾವುಟ: ಪ್ರಾಮ್ಸ್‌ನ ಕೊನೆಯ ರಾತ್ರಿ

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯುವ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿಗೆ ಬಾವುಟ ಹಿಡಿದು ಹೋಗುವವರು, ಅದನ್ನು ಎಷ್ಟು ಹೊತ್ತು ಸುತ್ತಿಟ್ಟುಕೊಂಡಿರಬೇಕು ಎಂಬುದನ್ನು ಮೊದಲು ತಿಳಿದಿರಬೇಕು. ಸೆಪ್ಟೆಂಬರಿನ ಆ ಶನಿವಾರದ ಮೊದಲರ್ಧ ಬೇರೆ ಯಾವ ಕಛೇರಿಗೂ ಕಡಿಮೆಯಿಲ್ಲದಷ್ಟು ಗಂಭೀರ. ಒಂದು ಹೊಸ ಕೃತಿ, ಒಂಟಿ ವಾದ್ಯ ವಾದ್ಯವೃಂದದ ಜೊತೆ ನುಡಿಯುವ ಒಂದು ಕಾನ್ಸರ್ಟೋ, ಒಂದೆರಡು ಆಪೆರಾ ಹಾಡು. ಆಗ ಬಾವುಟ ಎತ್ತಿದರೆ ಪಕ್ಕದವರೇ ಗದರುತ್ತಾರೆ. ನಡುವಿನ ಅರೀನಾದಲ್ಲಿ ಕುರ್ಚಿಗಳಿಲ್ಲ, ನೆಲ ಸಪಾಟು, ಎಲ್ಲರೂ ನಿಂತೇ ಕೇಳುವುದು. ಮುಂದಿನ ಸಾಲಿನಲ್ಲಿ ಒಬ್ಬರು ಮಾರುದ್ದದ ಬಟ್ಟೆ ಬಿಚ್ಚಿದರೆ ಹಿಂದಿನ ಐದಾರು ಸಾಲಿಗೆ ವೇದಿಕೆಯೇ ಮಾಯ. ಚಿಕ್ಕ ಬಾವುಟ, ಗಿಡ್ಡ ಕೋಲು, ಅದೂ ಎರಡನೆಯ ಅರ್ಧದಲ್ಲಿ: ಅನುಭವಸ್ಥರು ಪಾಲಿಸುವುದು ಇಷ್ಟನ್ನೇ.

ಹೀಗೆ ನಿಂತು ಕೇಳುವವರನ್ನು ಪ್ರಾಮರ್‌ಗಳು ಅನ್ನುತ್ತಾರೆ. 1895ರಲ್ಲಿ ಕ್ವೀನ್ಸ್ ಹಾಲಿನಲ್ಲಿ ವ್ಯವಸ್ಥಾಪಕ ರಾಬರ್ಟ್ ನ್ಯೂಮನ್ ಮತ್ತು ವಾದ್ಯವೃಂದದ ನಿರ್ದೇಶಕ ಹೆನ್ರಿ ವುಡ್ ಇದನ್ನು ಶುರುಮಾಡಿದಾಗಿನಿಂದಲೂ ಅಗ್ಗದ ಟಿಕೆಟ್ಟಿನ ಈ ನಿಂತ ಜನವೇ ಉತ್ಸವದ ಜೀವಾಳ. 1941ರ ಬಾಂಬ್ ದಾಳಿಯಲ್ಲಿ ಕ್ವೀನ್ಸ್ ಹಾಲ್ ಸುಟ್ಟುಹೋದ ಮೇಲೆ ಪ್ರಾಮ್ಸ್ ಆಲ್ಬರ್ಟ್ ಹಾಲಿಗೆ ಬಂತು. ಆ ಅವಶೇಷಗಳಿಂದ ಎತ್ತಿ ತಂದ ವುಡ್‌ನ ಕಂಚಿನ ಪ್ರತಿಮೆ ಈಗಲೂ ಉತ್ಸವದುದ್ದಕ್ಕೂ ಆರ್ಗನ್ನಿನ ಮುಂದೆ ಇರುತ್ತದೆ. ಕೊನೆಯ ರಾತ್ರಿ ಪ್ರಾಮರ್‌ಗಳು ಅದಕ್ಕೆ ಎಲೆಗಳ ಮಾಲೆ ತೊಡಿಸಿ, ಕರವಸ್ತ್ರದಿಂದ ಹಣೆಯ ಬೆವರು ಒರೆಸುತ್ತಾರೆ. ಈ ತಮಾಷೆಯನ್ನು ನೋಡದವರಿಗೆ ಆಮೇಲಿನ ದೇಶಭಕ್ತಿ ಅರ್ಥವಾಗುವುದು ಕಷ್ಟ.

ಎರಡನೆಯ ಅರ್ಧದ ಚೌಕಟ್ಟು ಗಟ್ಟಿಯಾದದ್ದು ವುಡ್ ನಂತರದ ನಿರ್ದೇಶಕ ಮಾಲ್ಕಮ್ ಸಾರ್ಜೆಂಟ್ ಕಾಲದಲ್ಲಿ, ಟಿವಿ ಕ್ಯಾಮೆರಾ ಒಳಗೆ ಬಂದ ಮೇಲೆ. ಟ್ರಫಾಲ್ಗರ್ ನೌಕಾಕದನದ ನೂರನೆಯ ವರ್ಷಕ್ಕೆಂದು ವುಡ್ 1905ರಲ್ಲಿ ಹೊಸೆದ ಸಮುದ್ರಗೀತೆಗಳ ಮಾಲೆಯಲ್ಲಿ ಚೆಲ್ಲೋ ಒಂಟಿಯಾಗಿ ಸತ್ತ ನಾವಿಕನ ಶೋಕಗೀತೆ ‘ಟಾಮ್ ಬೌಲಿಂಗ್’ ನುಡಿಸುವಾಗ ಜನ ಕರವಸ್ತ್ರ ತೆಗೆದು ಸುಳ್ಳುಸುಳ್ಳೇ ಬಿಕ್ಕುತ್ತಾರೆ. ಮುಂದಿನದು ಹಾರ್ನ್‌ಪೈಪ್ ಎಂಬ ನಾವಿಕರ ಕುಣಿತ. ನಿಧಾನವಾಗಿ ಶುರುವಾಗಿ ವೇಗ ಏರುತ್ತಾ ಹೋಗುತ್ತದೆ. ಜನ ಚಪ್ಪಾಳೆ ತಟ್ಟುತ್ತಾ, ಕಾಲು ಕುಟ್ಟುತ್ತಾ ವಾದ್ಯವೃಂದವನ್ನು ಹಿಂದೆ ಹಾಕಲು ನೋಡುತ್ತಾರೆ. ತಾಳ ಕೆಡುವುದು ಖಚಿತ. ಗ್ಯಾಲರಿ ಅಷ್ಟು ಎತ್ತರದಲ್ಲಿದೆ ಎಂದರೆ, ಅಲ್ಲಿನ ಚಪ್ಪಾಳೆ ವೇದಿಕೆ ತಲುಪುವಷ್ಟರಲ್ಲೇ ಹಿಂದೆ ಬಿದ್ದಿರುತ್ತದೆ. ಹಳಬರು ಕಿವಿಯನ್ನು ನಂಬದೆ ನಿರ್ದೇಶಕರ ಕೋಲನ್ನೇ ನೋಡಿ ತಟ್ಟುತ್ತಾರೆ.

ಬಾವುಟಗಳ ನಿಜವಾದ ಹೊತ್ತು ಬರುವುದು ಥಾಮಸ್ ಆರ್ನ್ 1740ರಲ್ಲಿ ರಚಿಸಿದ ‘ರೂಲ್ ಬ್ರಿಟಾನಿಯಾ’ಕ್ಕೆ ಮತ್ತು ಎಲ್ಗರ್‌ನ ‘ಪಾಂಪ್ ಅಂಡ್ ಸರ್ಕಮ್‌ಸ್ಟನ್ಸ್’ ಮೊದಲ ಮಾರ್ಚಿಗೆ. ಎಲ್ಗರ್‌ನ ಮಾರ್ಚಿನ ಚುರುಕು ಭಾಗಕ್ಕೆ ಅರೀನಾ ಇಡೀ ಮೊಣಕಾಲು ಬಗ್ಗಿಸಿ ಎದ್ದು ಕುಪ್ಪಳಿಸುತ್ತದೆ. ನಡುವಿನ ರಾಗ ಮೊದಲು ಮೆಲ್ಲಗೆ ಬರುತ್ತದೆ. ಗಂಟಲು ಬಿಚ್ಚಬೇಕಾದ್ದು ಅದೇ ರಾಗ ಕೊನೆಗೆ ಆರ್ಗನ್ನಿನ ಜೊತೆ ಮರಳಿದಾಗ. 1901ರಲ್ಲಿ ವುಡ್ ಇದನ್ನು ಪ್ರಾಮ್ಸ್‌ನಲ್ಲಿ ನುಡಿಸಿದಾಗ ಜನ ಬಿಡದೆ ಮೂರು ಸಲ ನುಡಿಸಿಕೊಂಡಿದ್ದರಂತೆ.

ಬ್ರಿಟನ್ನಿನ ಬಾವುಟವಾದ ಯೂನಿಯನ್ ಜಾಕ್ ಅನ್ನು ತಲೆಕೆಳಗಾಗಿ ಹಿಡಿಯುವವರಲ್ಲಿ ಬ್ರಿಟಿಷರೇ ಬಹಳ. ಕೋಲಿನ ಪಕ್ಕದ ಮೇಲ್ಮೂಲೆಯಲ್ಲಿ ಓರೆಪಟ್ಟಿಯ ಅಗಲವಾದ ಬಿಳುಪು ಕೆಂಪಿನ ಮೇಲೆ ಬರಬೇಕು. 1801ರಲ್ಲಿ ಐರ್ಲೆಂಡಿನ ಕೆಂಪು ಶಿಲುಬೆ ಸೇರಿಸುವಾಗ ಸ್ಕಾಟ್ಲೆಂಡಿನ ಬಿಳಿಗೆ ಆ ಜಾಗ ಬಿಟ್ಟುಕೊಟ್ಟರು, ಅದಕ್ಕೆ. ವೇಲ್ಸ್‌ಗೆ ಆ ಬಾವುಟದಲ್ಲಿ ಜಾಗವೇ ಇಲ್ಲವಾದ್ದರಿಂದ ಅವರ ಕೆಂಪು ಡ್ರ್ಯಾಗನ್ ಬೇರೆಯಾಗಿಯೇ ಬರುತ್ತದೆ. ಅದರ ಪಕ್ಕದಲ್ಲಿ ಕಾರ್ನ್‌ವಾಲ್‌ನ ಕಪ್ಪುಬಿಳುಪು, ಜರ್ಮನಿ, ನಾರ್ವೆ, ಜಪಾನ್, ಆಸ್ಟ್ರೇಲಿಯಾ. ಇವು ಬಹಳ ವರ್ಷಗಳಿಂದ ಇದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಂದವರು ತಮ್ಮ ಊರು ಯಾವುದೆಂದು ತೋರಿಸಿಕೊಳ್ಳುತ್ತಿದ್ದರು, ಅಷ್ಟೇ.

ಗಲಾಟೆ ಶುರುವಾದದ್ದು, ಐರೋಪ್ಯ ಒಕ್ಕೂಟ ಬಿಡಬೇಕೆಂದು ಬ್ರಿಟನ್ ತೀರ್ಮಾನಿಸಿದ 2016ರ ಜನಮತಗಣನೆಯ ನಂತರ, ಆ ಒಕ್ಕೂಟದ ನೀಲಿ ಬಾವುಟದಿಂದ. ಹಾಲಿನ ಹೊರಗೆ ಸ್ವಯಂಸೇವಕರು ಅವನ್ನು ಪುಕ್ಕಟೆ ಹಂಚಿದರು. ಒಳಗೆ ಕೆಂಪುಬಿಳಿನೀಲಿಯ ನಡುವೆ ಹಳದಿ ಚುಕ್ಕೆಗಳು ತುಂಬಿಕೊಂಡವು. ಅದು ಬರೀ ಸಂಗೀತಪ್ರೇಮ ಎಂದು ವಾದಿಸುವುದು ಸುಳ್ಳು. ಅದು ಪ್ರತಿಭಟನೆಯೇ, ಮತ್ತು ಹಂಚಿದವರಿಗೆ ಕ್ಯಾಮೆರಾ ಎಲ್ಲಿ ತಿರುಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಇದರಿಂದ ಬ್ರಿಟಿಷ್ ಸಂಜೆ ಕೆಟ್ಟಿತು ಎಂಬ ಕೂಗೂ ಅಷ್ಟೇ ಪೊಳ್ಳು, ಏಕೆಂದರೆ ಆ ಸಂಜೆಯನ್ನು ನಡೆಸುತ್ತಿದ್ದವರೇ ಹೊರಗಿನವರು. 2015ರಲ್ಲಿ ‘ರೂಲ್ ಬ್ರಿಟಾನಿಯಾ’ ಹಾಡಿದ್ದು ಜರ್ಮನಿಯ ಯೋನಾಸ್ ಕೌಫ್‌ಮನ್. 2016ರಲ್ಲಿ ಪೆರುವಿನ ಹುವಾನ್ ಡಿಯೇಗೋ ಫ್ಲೋರೆಸ್, ಅದೂ ಇಂಕಾ ಅರಸನ ವೇಷದಲ್ಲಿ. ಆ ರಾತ್ರಿ ನಿರ್ದೇಶನ ಫಿನ್ಲೆಂಡಿನ ಸಕಾರಿ ಒರಾಮೋ ಅವರದು. 2019ರಲ್ಲಿ ಅಮೆರಿಕದ ಜೇಮೀ ಬಾರ್ಟನ್ ಹಾಡುತ್ತಲೇ ಕಾಮನಬಿಲ್ಲಿನ ಬಾವುಟ ಬೀಸಿದರು. (ನೀಲಿ ಬಾವುಟಕ್ಕೂ ತಲೆಕೆಳಗು ಉಂಟು: ಗಡಿಯಾರದ ಅಂಕಿಗಳಂತೆ ಕೂತ 12 ನಕ್ಷತ್ರಗಳಲ್ಲಿ ಪ್ರತಿಯೊಂದರ ಒಂದು ತುದಿ ಮೇಲಕ್ಕಿರಬೇಕು. ಯಾರೂ ಗಮನಿಸುವುದಿಲ್ಲ.)

ಈ ಹಾಡುಗಳು ಮುಟ್ಟಬಾರದ ಶಾಸ್ತ್ರವೇನೂ ಅಲ್ಲ ಎಂಬುದು 2001ರ ಸೆಪ್ಟೆಂಬರ್ 15ರಂದೇ ತಿಳಿದಿತ್ತು. ಅಮೆರಿಕದ ಮೇಲಿನ ದಾಳಿಯಾಗಿ ನಾಲ್ಕು ದಿನ. ನಿರ್ದೇಶಕರು ಅಮೆರಿಕದವರೇ ಆದ ಲೆನರ್ಡ್ ಸ್ಲಾಟ್ಕಿನ್. ಆರ್ನ್, ಎಲ್ಗರ್ ಇಬ್ಬರನ್ನೂ ಬಿಟ್ಟು ಬಾರ್ಬರ್‌ನ ನಿಧಾನಗತಿಯ ಅಡಾಜಿಯೋ, ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗ ನುಡಿಸಿದರು. ಆ ರಾತ್ರಿಯ ಮತ್ತೊಂದು ವಾಡಿಕೆಯ ಹಾಡು, ಪ್ಯಾರಿಯ ‘ಜೆರುಸಲೆಮ್’ ಉಳಿಯಿತು. 2020ರಲ್ಲಿ ಇದಕ್ಕೆ ತದ್ವಿರುದ್ಧ. ಕೋವಿಡ್‌ನಿಂದ ಹಾಲು ಖಾಲಿ. ಪದಗಳಿಲ್ಲದೆ ರಾಗ ಮಾತ್ರ ನುಡಿಸುತ್ತೇವೆ ಎಂದು ಉತ್ಸವ ನಡೆಸುವ ಬಿಬಿಸಿ ಹೇಳಿತು, ಪ್ರಧಾನಿಯೇ ತಕರಾರೆತ್ತಿದರು, ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಬ್ರಿಟಿಷರು ಎಂದೂ ಗುಲಾಮರಾಗರು ಎಂಬ ‘ರೂಲ್ ಬ್ರಿಟಾನಿಯಾ’ದ ಸಾಲು, ಅವರೇ ಗುಲಾಮರ ವ್ಯಾಪಾರದಲ್ಲಿ ಮುಂದಿದ್ದ ಶತಮಾನದ್ದು. ಇಂಕಾ ವೇಷದವನು ಅದನ್ನು ಹಾಡುವಾಗ ಸಭಾಂಗಣ ನಗುತ್ತದೆ. ಸಾಲು ಮಾತ್ರ ಹಾಗೇ ಇರುತ್ತದೆ.

ಈ ಹಾಲಿಗೂ ಮೈಸೂರಿಗೂ ಇರುವ ನಂಟು ಇಲ್ಲಿ ನೆನೆಯತಕ್ಕದ್ದು. 1950ರ ಮೇ 22ರಂದು ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು ಇದೇ ವೇದಿಕೆಯಲ್ಲಿ. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯಕಿ, ಜರ್ಮನಿಯ ಫುರ್ಟ್‌ವೆಂಗ್ಲರ್ ನಿರ್ದೇಶಕ, ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದ. ಕಛೇರಿಯ ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜ ಒಡೆಯರ್. ಯುದ್ಧ ಮುಗಿದು ಐದೇ ವರ್ಷ, ಆದರೂ ಜರ್ಮನ್ ಹಾಡಿಗೆ ಲಂಡನ್ನಿನಲ್ಲಿ ಜನ ಕೂತು ಕೇಳಿದರು.

ನಮ್ಮ ತ್ರಿವರ್ಣ ಒಯ್ಯುವವರಿಗೆ ಒಂದು ಮಾತು. ಯೂನಿಯನ್ ಜಾಕನ್ನು ಅಲ್ಲಿ ಟೋಪಿ, ವೇಸ್ಟ್‌ಕೋಟ್, ಕಾಲುಚೀಲಕ್ಕೂ ಹೊಲಿಯುತ್ತಾರೆ, ಕೇಳುವವರಿಲ್ಲ. ನಮ್ಮ 1971ರ ಕಾನೂನಿನ ಪ್ರಕಾರ, 2005ರ ತಿದ್ದುಪಡಿಯ ನಂತರವೂ, ಸೊಂಟದ ಕೆಳಗಿನ ಉಡುಪಿಗೆ ಧ್ವಜ ಸಲ್ಲದು, ನೆಲಕ್ಕೆ ತಾಗಿಸುವಂತಿಲ್ಲ. ಆ ಕಾನೂನು ಲಂಡನ್ನಿಗೆ ಅನ್ವಯಿಸದಿದ್ದರೂ ನಮ್ಮವರ ಕಣ್ಣು ಅಲ್ಲೂ ಇರುತ್ತದೆ. ಅರೀನಾದ ನೂಕುನುಗ್ಗಲಲ್ಲಿ ಕೈಜಾರಿದ ಬಾವುಟ ನೇರ ಕಾಲಡಿಗೆ ಹೋಗುತ್ತದೆ, ಪೇಪರಿನದಾದರೆ ಹರಿಯುತ್ತದೆ. ಬಟ್ಟೆಯದನ್ನು ತಂದು, ಹಾಡುಗಳ ನಡುವಿನ ಬಿಡುವಿನಲ್ಲಿ ಚೀಲಕ್ಕೆ ಸೇರಿಸುವುದು ಕ್ಷೇಮ.

ರಾಷ್ಟ್ರಗೀತೆ ಮುಗಿದ ಮೇಲೆ ಹೊರಡಬೇಡಿ. ‘ಆಲ್ಡ್ ಲ್ಯಾಂಗ್ ಸೈನ್’ ಬಾಕಿ ಇದೆ. ಅದಕ್ಕೆ ಎರಡೂ ಕೈ ಬೇಕು, ಬಾವುಟಗಳನ್ನು ಅಷ್ಟರಲ್ಲಿ ಒಳಗಿಡಿ. ಮೊದಲಿಂದಲೇ ಕೈ ಅಡ್ಡ ಕಟ್ಟಿ ಅಕ್ಕಪಕ್ಕದವರ ಕೈ ಹಿಡಿದು ಜಗ್ಗುವುದು ಎಲ್ಲರೂ ಮಾಡುವ ತಪ್ಪು. ಅಡ್ಡ ಕಟ್ಟಬೇಕಾದ್ದು ಕೊನೆಯ ಚರಣಕ್ಕೆ ಮಾತ್ರ.