ಐದು ಗಂಟೆ, ಐದು ವರ್ಷ

ನಮ್ಮ ಮನೆಯಲ್ಲಿ ಸೂಪರ್‌ಹೀರೋಗಳ ಹುಚ್ಚು ಇರುವುದು ಮಗನಿಗೆ, ನನಗಲ್ಲ. 2019ರ ಏಪ್ರಿಲ್ 25, ಗುರುವಾರ ಸಂಜೆ ಅವನ ಜೊತೆ ‘ಅವೆಂಜರ್ಸ್: ಎಂಡ್‌ಗೇಮ್’ಗೆ ಹೋದಾಗ ಆ ಮಾರ್ವೆಲ್ ಸೂಪರ್‌ಹೀರೋ ಸರಣಿಯಲ್ಲಿ ನಾನು ನೋಡಿದ್ದು ‘ಬ್ಲ್ಯಾಕ್ ಪ್ಯಾಂಥರ್’ ಒಂದೇ. ಅದರಲ್ಲಿ ಬರುವ ಮ್ಯೂಸಿಯಂ ನಮ್ಮ ಅಟ್ಲಾಂಟಾದ ಹೈ ಮ್ಯೂಸಿಯಂ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದಕ್ಕೆ ಹೋಗಿದ್ದೆ. ಎಂಡ್‌ಗೇಮ್ ಆ ಸರಣಿಯ 22ನೇ ಚಿತ್ರ. 2008ರ ‘ಐರನ್ ಮ್ಯಾನ್’ನಿಂದ ಹಿಡಿದು ಇಪ್ಪತ್ತೊಂದು ಚಿತ್ರಗಳ ಕಥೆ ಅದರ ಬೆನ್ನಿಗಿತ್ತು.

ಕಾರಿನಲ್ಲಿ ಮಗ ಪಾಠ ಮಾಡಿದ. “ಅಮ್ಮ, ಇಷ್ಟು ಗೊತ್ತಿದ್ದರೆ ಸಾಕು. ಆರು ಕಲ್ಲುಗಳಿವೆ. ಥಾನೋಸ್ ಅಂತ ಒಬ್ಬ ಆರನ್ನೂ ಒಟ್ಟುಮಾಡಿ ಚಿಟಿಕೆ ಹೊಡೆದ. ಜಗತ್ತಿನ ಅರ್ಧ ಜೀವಗಳು ಬೂದಿಯಾಗಿ ಹೋದವು. ಉಳಿದವರ ಕಥೆ ಇವತ್ತು.” ಆಮೇಲೆ ನೀರು ಜಾಸ್ತಿ ಕುಡಿಯಬೇಡ ಅಂದ. ಚಿತ್ರ 181 ನಿಮಿಷ, ಇಲ್ಲಿ ಇಂಟರ್ವಲ್ ಕೊಡುವುದಿಲ್ಲ. ಊರಿನಲ್ಲಿ ಬೋಂಡಾ, ಕಾಫಿಗೆ ಎದ್ದು ಹೋಗಿ ಅರ್ಧ ಕಥೆಯನ್ನು ಹೊರಗೆ ನಿಂತು ಮಾತಾಡಿಯೇ ಬರುವವರು ನಾವು. ಮೂರು ಗಂಟೆ ಒಂದೇ ಸಮ ಕೂರುವುದು ಇಷ್ಟು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ.

ಹೊಡೆದಾಟದಿಂದಲೇ ಶುರುವಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಖಳನನ್ನು ಆರಂಭದಲ್ಲೇ ಕೊಂದುಬಿಡುತ್ತಾರೆ, ಅದರಿಂದ ಹೋದವರು ಯಾರೂ ವಾಪಸ್ ಬರುವುದಿಲ್ಲ. ಆಮೇಲೆ ಪರದೆಯ ಮೇಲೆ ‘ಐದು ವರ್ಷಗಳ ನಂತರ’ ಅಂತ ಬರುತ್ತದೆ. ಕ್ಯಾಪ್ಟನ್ ಅಮೆರಿಕಾ ಗುರಾಣಿ ಹಿಡಿದು ಓಡಾಡುತ್ತಿಲ್ಲ. ಒಂದು ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು, ಕಳೆದುಕೊಂಡವರ ಮಾತು ಕೇಳುತ್ತಾ ಕೂತಿದ್ದಾನೆ. ಅಲ್ಲಿ ಒಬ್ಬ, ತಾನು ಹೊಸಬನೊಬ್ಬನ ಜೊತೆ ಊಟಕ್ಕೆ ಹೋಗಿದ್ದನ್ನೂ ಊಟದ ಮಧ್ಯೆ ಇಬ್ಬರೂ ಅತ್ತಿದ್ದನ್ನೂ ಹೇಳುತ್ತಾನೆ. ಹಿಂದಿನ ಚಿತ್ರಗಳ ಗಂಧವಿಲ್ಲದ ನನಗೆ ಈ ಮೊದಲ ಗಂಟೆಯೇ ಬಾಗಿಲು ತೆರೆಯಿತು. ದುಃಖ ಅರ್ಥವಾಗುವುದಕ್ಕೆ ಇಪ್ಪತ್ತೊಂದು ಚಿತ್ರ ನೋಡಿರಬೇಕಿಲ್ಲ.

ಆಮೇಲೆ ಬಂದ ದೃಶ್ಯ ನನ್ನನ್ನು ಅಲ್ಲಾಡಿಸಿಬಿಟ್ಟಿತು.

ಸ್ಕಾಟ್ ಲ್ಯಾಂಗ್ ಅಂತ ಒಬ್ಬ, ಇರುವೆಯಷ್ಟು ಚಿಕ್ಕದಾಗಬಲ್ಲವನು. ಎಲ್ಲರೂ ಬೂದಿಯಾದ ಹೊತ್ತಿಗೆ ಅವನು ಬೇರೊಂದು ಲೋಕದಲ್ಲಿ ಸಿಕ್ಕಿಬಿದ್ದಿದ್ದ. ಒಂದು ಇಲಿ ಯಂತ್ರದ ಗುಂಡಿಯ ಮೇಲೆ ಓಡಿ ಅವನು ಹೊರಗೆ ಬೀಳುತ್ತಾನೆ. ಅವನಿಗೆ ಕಳೆದಿದ್ದು ಐದು ಗಂಟೆ. ಹೊರಗೆ ಐದು ವರ್ಷ. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಕಸ ಬಿದ್ದಿದೆ, ಮನೆಗಳು ಹಾಳುಬಿದ್ದಿವೆ. ಸೈಕಲ್ಲಿನ ಹುಡುಗನನ್ನು ಏನಾಯಿತು ಅಂತ ಕೇಳುತ್ತಾನೆ, ಹುಡುಗ ಸುಮ್ನೆ ನೋಡಿ ಹೊರಟುಹೋಗುತ್ತಾನೆ. ಮಾಯವಾದವರ ಹೆಸರು ಕೆತ್ತಿದ ಕಲ್ಲುಗಳ ಮಧ್ಯೆ ಮಗಳ ಹೆಸರು ಇರದಿರಲಿ ಅಂತ ಬೇಡಿಕೊಳ್ಳುತ್ತಾ ಹುಡುಕುತ್ತಾನೆ. ಸಿಗುವುದು ಅವನದೇ ಹೆಸರು! ಓಡಿಹೋಗಿ ಒಂದು ಮನೆಯ ಬಾಗಿಲು ತಟ್ಟುತ್ತಾನೆ. ತೆರೆದವಳು ಎತ್ತರದ ಹುಡುಗಿ. ಪುಟ್ಟವಳಾಗಿದ್ದ ಅವನ ಮಗಳು. ಎಷ್ಟು ದೊಡ್ಡವಳಾಗಿದ್ದೀಯ ಅನ್ನುತ್ತಾನೆ, ಅಷ್ಟೇ.

ನಾನು 2012ರಲ್ಲಿ ತಿಪಟೂರು ಬಿಟ್ಟಾಗ ಅಣ್ಣನ ಮಗಳಿಗೆ ಮೂರು ವರ್ಷ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೊಂಟದಿಂದ ಇಳಿಯಲು ಒಪ್ಪಿರಲಿಲ್ಲ. ವೀಸಾದ ಕಾಗದಪತ್ರ, ಇವರ ಕೆಲಸ ಬದಲಾಗಿದ್ದು, ಒಂದಾದ ಮೇಲೆ ಒಂದು ಬಂದು ನಾಲ್ಕು ವರ್ಷ ಊರಿಗೆ ಹೋಗಲು ಆಗಲಿಲ್ಲ. ವಾರವಾರ ವಿಡಿಯೋ ಕಾಲ್ ಮಾಡುತ್ತಿದ್ದೆ. ಆದರೆ ಫೋನಿನಲ್ಲಿ ಮಗುವಿನ ಮುಖ ಮಾತ್ರ ಕಾಣುತ್ತದೆ, ಎತ್ತರ ಕಾಣುವುದಿಲ್ಲ. 2016ರಲ್ಲಿ ಹೊರಟಾಗ ಅಂಗಡಿಯಲ್ಲಿ ಬಹಳ ಹೊತ್ತು ಹುಡುಕಿ ಹಳದಿ ಫ್ರಾಕ್ ತೆಗೆದುಕೊಂಡೆ. ಬೆಳೆದಿರುತ್ತಾಳೆ ಅಂತ ಒಂದು ಸೈಜ್ ದೊಡ್ಡದನ್ನೇ ಆರಿಸಿದ್ದೆ. ಅದು ಅವಳ ಭುಜ ದಾಟಿ ಇಳಿಯಲೇ ಇಲ್ಲ. ಅತ್ತಿಗೆ “ಪರವಾಗಿಲ್ಲ ಬಿಡಿ, ಹೊಲಿಗೆ ಬಿಚ್ಚಿಸೋಣ” ಅಂದರು. ಬಿಚ್ಚಿದರೂ ಆಗದು ಅಂತ ಇಬ್ಬರಿಗೂ ಗೊತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಏಳು ವರ್ಷದ ಹುಡುಗಿ ನನ್ನನ್ನು ಅತ್ತೆ ಅಂತ ಕರೆದಳು. ನೆಂಟರನ್ನು ಕರೆಯುವ ಹಾಗೆ, ಮೆತ್ತಗೆ, ದೂರದಿಂದ.

ಆ ಕತ್ತಲಲ್ಲಿ ನನಗೆ ಫ್ರಾಕಿನ ಹಳದಿ ಬಣ್ಣವೇ ಕಣ್ಣಮುಂದೆ ಬಂತು. ಹೊರನಾಡಿನಲ್ಲಿ ನಮಗೆ ಆಗುವುದು ಇದೇ ಅಲ್ವಾ? ನಮ್ಮ ಲೆಕ್ಕದಲ್ಲಿ ಊರು ನಾವು ಬಿಟ್ಟ ದಿನದಲ್ಲೇ ನಿಂತಿರುತ್ತದೆ. ಅಮ್ಮನ ಕೂದಲು ಅಷ್ಟೇ ಕಪ್ಪು, ಬೀದಿ ಕೊನೆಯ ಅಂಗಡಿ ಅಲ್ಲೇ.

ಹಿಂದಿನ ಕಾಲಕ್ಕೆ ಹೋಗಿ ಆ ಆರು ಕಲ್ಲುಗಳನ್ನು ತಂದು ಹೋದವರನ್ನು ವಾಪಸ್ ಕರೆಸುವುದು ಮುಂದಿನ ಕಥೆ. ಆ ಕಾಲಯಾನದ ಗೋಜಲು ನನಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಕೊನೆಯ ಯುದ್ಧ ಬಂದಾಗ ಮಾತ್ರ ಹಾಲ್ ಬೇರೆಯೇ ಆಯಿತು. ಅರ್ಹರಿಗೆ ಮಾತ್ರ ಎತ್ತಲು ಬರುವ ಥಾರ್ ದೇವರ ಸುತ್ತಿಗೆ ಕ್ಯಾಪ್ಟನ್ ಕೈಗೆ ಬಂದಾಗ ಜನ ಎದ್ದು ನಿಂತು ಕೂಗಿದರು. ಹೋದವರೆಲ್ಲ ಬೆಳಕಿನ ಬಾಗಿಲುಗಳಿಂದ ಒಬ್ಬೊಬ್ಬರಾಗಿ ಬಂದಾಗ ಪಕ್ಕದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಲಿಫ್ಟಿನಲ್ಲಿ ಮೆಲ್ಲಗೆ ಹವಾಮಾನದ ಬಗ್ಗೆ ಮಾತಾಡುವ ಇಲ್ಲಿನ ಜನ ಇವರೇನಾ ಅನ್ನಿಸಿತು. ಚಿಕ್ಕಂದಿನಲ್ಲಿ ಅಣ್ಣಾವ್ರು ಪರದೆಗೆ ಬಂದ ತಕ್ಷಣ ಬೀಳುತ್ತಿದ್ದ ಶಿಳ್ಳೆ ನೆನಪಾಯಿತು. ಮಗ ನನ್ನ ಕೈ ಬಿಟ್ಟಿರಲೇ ಇಲ್ಲ.

ಒಂದು ವಿಷಯಕ್ಕೆ ಮಾತ್ರ ಇವತ್ತಿಗೂ ನನಗೆ ಬೇಸರವಿದೆ. ಐದು ವರ್ಷ ಎಲ್ಲರನ್ನೂ ಒಟ್ಟಿಗೆ ಹಿಡಿದಿಟ್ಟವಳು ಅವೆಂಜರ್ಸ್ ಗುಂಪಿನ ನಟಾಶಾ. ಒಂದು ಕಲ್ಲಿಗಾಗಿ ಅವಳೇ ಪ್ರಾಣ ಕೊಡುತ್ತಾಳೆ. ಗೆಳೆಯರು ನೀರಿನ ಪಕ್ಕ ನಿಂತು ಸ್ವಲ್ಪ ಹೊತ್ತು ದುಃಖಪಡುತ್ತಾರೆ, ಅಲ್ಲಿಗೆ ಮುಗಿಯಿತು. ಐರನ್ ಮ್ಯಾನ್ ಸತ್ತಾಗ ಎಲ್ಲರೂ ಕಪ್ಪು ಬಟ್ಟೆ ಹಾಕಿ ಸಾಲಾಗಿ ನಿಲ್ಲುತ್ತಾರೆ, ಹೂವು ಕೆರೆಯ ಮೇಲೆ ತೇಲುತ್ತದೆ. ಅವಳಿಗೂ ಅಂಥ ಒಂದು ಹೂವು ಬೇಕಿತ್ತು.

ಆ ಕೆರೆ, ಆ ಮರದ ಮನೆ ಇರುವುದು ನ್ಯೂಯಾರ್ಕ್ ಕಡೆ ಅಲ್ಲ, ಅಟ್ಲಾಂಟಾದ ನೈಋತ್ಯಕ್ಕಿರುವ ಚಟ್ಟಹೂಚಿ ಹಿಲ್ಸ್‌ನ ಒಂದು ಫಾರ್ಮಿನಲ್ಲಿ. ಚಿತ್ರದ ಹೆಚ್ಚಿನ ಭಾಗ ತೆಗೆದ ಸ್ಟುಡಿಯೋ ಕೂಡ ಇಲ್ಲೇ ಫೇಯೆಟ್‌ವಿಲ್‌ನಲ್ಲಿದೆ. ಇಲ್ಲಿ ಚಿತ್ರ ತೆಗೆದರೆ, ಇಲ್ಲಿ ಮಾಡಿದ ಖರ್ಚಿನ 20 ಶೇಕಡಾದಷ್ಟು ತೆರಿಗೆ ರಿಯಾಯಿತಿಯನ್ನು ಜಾರ್ಜಿಯಾ ರಾಜ್ಯ ಸರ್ಕಾರ ಕೊಡುತ್ತದೆ. ಕೊನೆಯಲ್ಲಿ ಜಾರ್ಜಿಯಾದ ಪೀಚ್ ಹಣ್ಣಿನ ಗುರುತು ತೋರಿಸಿದರೆ ಇನ್ನೂ 10. ಹೆಸರುಗಳೆಲ್ಲ ಮುಗಿಯುವವರೆಗೂ ಯಾರೂ ಏಳಲಿಲ್ಲ. ಕೊನೆಗೆ ಲೋಹಕ್ಕೆ ಸುತ್ತಿಗೆ ಬಡಿಯುವ ಸದ್ದು ಮಾತ್ರ ಕೇಳಿಸಿತು. ಮೊದಲ ಚಿತ್ರದಲ್ಲಿ ಐರನ್ ಮ್ಯಾನ್ ಗುಹೆಯಲ್ಲಿ ಕವಚ ಮಾಡಿದ ಸದ್ದು ಅದು ಅಂತ ಮಗ ಪಿಸುಗುಟ್ಟಿದ.

ಹೊರಗೆ ಬಂದಾಗ ರಾತ್ರಿ ಹತ್ತೂವರೆ. ತಿಪಟೂರಿನಲ್ಲಿ ಶುಕ್ರವಾರ ಬೆಳಗ್ಗೆ ಎಂಟು. ಪಾರ್ಕಿಂಗ್‌ನಲ್ಲೇ ನಿಂತು ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಫೋನ್ ಎತ್ತಿದ್ದು ಅವಳೇ. ಬೇಸಿಗೆ ರಜೆ, ತಲೆ ಬಾಚಿರಲಿಲ್ಲ.

“ಅತ್ತೆ, ಕಥೆ ಹೇಳ್ಬೇಡಿ! ಅಪ್ಪ ಭಾನುವಾರ ಬೆಂಗಳೂರಿಗೆ ಕರ್ಕೊಂಡು ಹೋಗ್ತಾರೆ.”

ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು. ಕನ್ನಡದಲ್ಲಿ ಬಂದಿದ್ದರೆ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತಿದ್ದಳು.

“ಹೇಳಲ್ಲ ಪುಟ್ಟಿ. ಫೋನ್ ಆ ಕಿಟಕಿಗೆ ಒರಗಿಸಿ ಒಂದ್ಸಲ ಎದ್ದು ನಿಲ್ಲು” ಅಂದೆ.

ಯಾಕೆ ಅಂತ ಕೇಳದೆ ಇಟ್ಟಳು, ಎದ್ದು ನಿಂತಳು. ಅವಳ ತಲೆ ಪರದೆಯಿಂದ ಮೇಲೆ ಹೋಯಿತು. “ಇನ್ನೂ ಸ್ವಲ್ಪ ಹಿಂದೆ ಹೋಗು” ಅಂದೆ. ಬಾಗಿಲವರೆಗೂ ಹೋದಳು. ಆಗ ಪೂರ್ತಿ ಕಂಡಳು.