ಅವರ್ಸ್ ಅಂದ್ರೆ ಅವರದು

ಹೋದ ಮಳೆಗಾಲದ ಒಂದು ಶುಕ್ರವಾರ, ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಕೂತಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಪಟ್ಟಿಯಲ್ಲಿ ಚೀಲದ ತೂಕ ಕಳೆದು ತೋರಿಸುವ ಕೆಲಸ ನನ್ನದು. ಪೈಸೆಯನ್ನು ರೂಪಾಯಿಗೆ ಸರಿಮಾಡುವ ಕೆಲಸ ಇನ್ನೊಬ್ಬ ಗೆಳೆಯನದು. ತೂಕವನ್ನು ದರಕ್ಕೆ ಗುಣಿಸುವ ಕೋಡ್‌ನ ಒಂದೇ ಸಾಲನ್ನು ಇಬ್ಬರೂ ಮುಟ್ಟಿದ್ದೆವು. ಅವನದು ಆಗಲೇ ಮೇನ್ ಬ್ರ್ಯಾಂಚ್ (ಎಲ್ಲರ ಕೋಡ್ ಬಂದು ಸೇರುವ ಮುಖ್ಯ ಕವಲು) ಸೇರಿತ್ತು. ನನ್ನ ಬ್ರ್ಯಾಂಚಿನಲ್ಲಿ ಒಂಬತ್ತು ದಿನದ 11 ಕಮಿಟ್, ಅಂದ್ರೆ ಉಳಿಸಿಟ್ಟ ಬದಲಾವಣೆಗಳು, ಇದ್ದವು.

ಸಂಜೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ರಿಬೇಸ್ ಶುರು ಮಾಡಿದೆ, ಅಂದ್ರೆ ನನ್ನ ಕಮಿಟ್‌ಗಳನ್ನು ಹೊಸ ಮೇನ್‌ನ ಮೇಲೆ ಕೂರಿಸುವ ಕೆಲಸ. ಮೂರನೇ ಕಮಿಟ್‌ಗೆ ಕಾನ್‌ಫ್ಲಿಕ್ಟ್: ಒಂದೇ ಸಾಲಿಗೆ ಎರಡು ರೂಪ, ಯಾವುದು ಇರಲಿ ಅಂತ ನಾನೇ ಹೇಳಬೇಕು. ನನ್ನದೇ ಇರಲಿ ಅಂತ 'ಅವರ್ಸ್' (ours, ನಮ್ಮದು) ಆರಿಸಿ ಮುಂದೆ ಹೋದೆ. ನಾಲ್ಕನೇದಕ್ಕೂ ಅದೇ ಸಾಲು, ಅದೇ ಜಗಳ. ಮತ್ತೆ 'ಅವರ್ಸ್'. ಹೀಗೆ ನಾಲ್ಕು ಸಲ. ಕೊನೆಗೆ ರಿಬೇಸ್ ಯಶಸ್ವಿಯಾಯಿತು ಅಂತ ಬಂತು. 50 ಕಿಲೋ ಹಾಕಿ ನೋಡಿದರೆ ಪಟ್ಟಿಯಲ್ಲೂ 50 ಕಿಲೋನೇ! ಚೀಲದ ತೂಕ ಕಳೆಯುವ ನನ್ನ ಲೆಕ್ಕವೇ ಮಾಯ.

"ಅಕ್ಕಾರ, ಎಲ್ಲಾ ಹೋತ್ರಿ" ಅಂದೆ.

ಪಕ್ಕದ ಟೇಬಲ್ಲಿನ ಸೀನಿಯರ್ ಅಕ್ಕ ಗಿರ್ಮಿಟ್ ಪೊಟ್ಟಣ ಬಿಚ್ಚುತ್ತಿದ್ದರು. ಬಂದು ನೋಡಿ ನಕ್ಕರು. "ರಿಬೇಸ್‌ನ್ಯಾಗ ಅವರ್ಸ್ ಅಂದ್ರ ಅವರದs ನೋಡು ತಮ್ಮಾ. ನಿಂದಲ್ಲ."

ಕನ್ನಡದವರಿಗೆ ಇದಕ್ಕಿಂತ ಸುಲಭದ ನೆನಪು ಬೇಕಾ? ರಿಬೇಸ್ ಮಾಡುವಾಗ ಗಿಟ್ ಮೊದಲು ಮೇನ್‌ನ ತುದಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ನನ್ನ ಕಮಿಟ್‌ಗಳನ್ನು ಒಂದೊಂದಾಗಿ ತಂದು ಅದರ ಮೇಲೆ ಕೂರಿಸುತ್ತದೆ. ಅಲ್ಲಿ ಮನೆಯವರು ಮೇನ್‌ನವರು. ನಾನು ಬೀಗರ ಹಾಗೆ ಹೊರಗಿನಿಂದ ಬಂದವನು, ಹಾಗಾಗಿ ನನ್ನದು 'ದೇರ್ಸ್' (theirs, ಅವರದು). ನನ್ನ ಬ್ರ್ಯಾಂಚಿನಲ್ಲೇ ನಿಂತು ಮೇನ್ ಅನ್ನು ಮರ್ಜ್ ಮಾಡಿಕೊಂಡು (ಒಳಗೆ ಸೇರಿಸಿಕೊಂಡು) ರೂಢಿಯಾದ ನನಗೆ ಇದು ಪೂರಾ ಉಲ್ಟಾ. ಹೆಸರಿಟ್ಟವರ ಮೇಲೆ ಇವತ್ತಿಗೂ ಸಿಟ್ಟಿದೆ.

"ಅಂಜಬ್ಯಾಡ, ಎಲ್ಲೂ ಹೋಗಿಲ್ಲ" ಅಂತ ಅಕ್ಕ ರಿಫ್ಲಾಗ್, ಅಂದ್ರೆ ಹಿಂದೆ ಎಲ್ಲೆಲ್ಲಿದ್ದೆ ಅನ್ನುವ ಗಿಟ್‌ನ ದಿನಚರಿ, ತೆಗೆಸಿದರು. ರಿಬೇಸ್ ಶುರುವಾದ ಸಾಲಿನ ಕೆಳಗೇ ನನ್ನ ಹಳೇ ತುದಿ ಇತ್ತು. ಎಲ್ಲಿಂದಲೂ ಕೈಗೆ ಸಿಗದ ಕಮಿಟ್‌ನ ಗುರುತನ್ನೂ ಗಿಟ್ ತಾನಾಗಿ 30 ದಿನ ಇಟ್ಟುಕೊಂಡಿರುತ್ತದಂತೆ. ಹಾರ್ಡ್ ರೀಸೆಟ್ ಮಾಡಿ ಆ ಹಳೇ ತುದಿಗೇ ವಾಪಸ್ ಬಂದೆ. ಉಸಿರು ಬಂತು.

ಆಮೇಲೆ 11 ಕಮಿಟ್‌ಗಳನ್ನು ಸ್ಕ್ವಾಶ್ ಮಾಡಿ (ಒಂದರಲ್ಲೊಂದು ಕೂಡಿಸಿ) ಎರಡಕ್ಕೆ ಇಳಿಸಿ ಮತ್ತೆ ರಿಬೇಸ್ ಮಾಡಿದೆವು. ಕಾನ್‌ಫ್ಲಿಕ್ಟ್ ತೋರಿಸಲು ಡಿಫ್3 ಶೈಲಿ ಹಾಕಿದ್ದರಿಂದ ನನ್ನದು, ಅವನದು ಅಷ್ಟೇ ಅಲ್ಲ, ಇಬ್ಬರೂ ಮುಟ್ಟುವ ಮುಂಚೆ ಆ ಸಾಲು ಹೇಗಿತ್ತು ಅನ್ನುವುದೂ ಕಂಡಿತು. ಈ ಸಲ ಕಾನ್‌ಫ್ಲಿಕ್ಟ್ ಬಂದದ್ದು ಒಂದೇ ಬಾರಿ. ಅವರದೂ ಆರಿಸಲಿಲ್ಲ, ನಮ್ಮದೂ ಆರಿಸಲಿಲ್ಲ. ಚೀಲದ ತೂಕ ಕಳೆದು, ದರಕ್ಕೆ ಗುಣಿಸಿ, ಆಮೇಲೆ ಪೈಸೆ ಸರಿಮಾಡುವ ಹೊಸ ಸಾಲನ್ನೇ ಕೈಯಾರೆ ಬರೆದೆ.

ಫೋರ್ಸ್ ವಿತ್ ಲೀಸ್ ಹಾಕಿ (ಬೇರೆಯವರ ಹೊಸ ಕೆಲಸ ಅಳಿಯದ ಹಾಗೆ) ಸರ್ವರ್‌ಗೆ ಪುಶ್ ಮಾಡುವಷ್ಟರಲ್ಲಿ ಎಂಟೂವರೆ. ಅಕ್ಕನ ಗಿರ್ಮಿಟ್ ಮೆತ್ತಗಾಗಿ ಹೋಗಿತ್ತು. ಧಾರವಾಡಕ್ಕೆ ಚಿಗರಿ ಬಸ್ ಹಿಡಿಯುವ ಮೊದಲು ಅವರಿಗೆ ಇನ್ನೊಂದು ಕಟ್ಟಿಸಿ ಕೊಟ್ಟೆ, ಎರಡು ಮಿರ್ಚಿ ಸೇರಿಸಿ.